ಬುಡ ಬಿಗಿದರೆ ಎಳೆ ಉಳಿಯುವುದಿಲ್ಲ: ದಾವಣಗೆರೆಯ ಒಂದು ಲಾಕ್ಸ್ ಪ್ರಕರಣ

ಮಾರ್ಚ್ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ದಾವಣಗೆರೆ ಬಿಸಿಲಿಗೆ ಆ ಹೊತ್ತಿನಲ್ಲಿ ಯಾರೂ ಪಾರ್ಲರ್ ಕಡೆ ಬರುವುದಿಲ್ಲ. ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ತಲೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಒಳಗೆ ಕಾಲಿಡುವ ಮೊದಲೇ ಕೇಳಿದಳು: "ಅಕ್ಕಾ, ಕತ್ತರಿಸೋದು ಬಿಟ್ಟು ಬೇರೆ ಏನಾದ್ರೂ ಮಾಡೋಕಾಗುತ್ತಾ?"

ಕೂರಿಸಿ ನೀರು ಕೊಟ್ಟೆ. ದುಪಟ್ಟಾ ಬಿಚ್ಚಿದಳು. ಭುಜದವರೆಗೆ ಇಳಿದ ಲಾಕ್ಸ್, ಅಂದರೆ ಕೂದಲು ಒಂದಕ್ಕೊಂದು ಸಿಕ್ಕಿಕೊಂಡು ಹಗ್ಗದ ಹಾಗೆ ಗಟ್ಟಿಯಾದ ಎಳೆಗಳು. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗಿಟ್ಟಳು. ಒಳಗೆ ಒಂದು ಎಳೆ ಇತ್ತು. ಎರಡು ದಿನದ ಹಿಂದೆ ಡ್ಯೂಟಿ ಮುಗಿಸಿ ಟೋಪಿ ತೆಗೆಯುವಾಗ ಬಲಗಿವಿಯ ಹಿಂದಿನಿಂದ ಕಿತ್ತು ಕೈಗೆ ಬಂದಿತ್ತಂತೆ. ಬಿಸಾಡಲು ಮನಸ್ಸು ಬಂದಿರಲಿಲ್ಲ.

ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಕೆಲಸದ ಜಾಗ ಬೇಡ. ಇಷ್ಟು ಸಾಕು: ವಯಸ್ಸು 26, ಸ್ಟಾಫ್ ನರ್ಸ್, ಊರು ಯಲ್ಲಾಪುರ ತಾಲ್ಲೂಕಿನ ಒಂದು ಹಳ್ಳಿ, ಸಿದ್ದಿ ಸಮುದಾಯದವಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡಿನಂಚಿನ ಊರುಗಳಲ್ಲಿ ಸಿದ್ದಿಗಳು ನೂರಾರು ವರ್ಷಗಳಿಂದ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಇವಳ ಕೂದಲು ಅಲ್ಲಿಂದ ಬಂದದ್ದು. ಸಣ್ಣ ಸ್ಪ್ರಿಂಗಿನ ಹಾಗೆ ಬಿಗಿಯಾಗಿ ಸುರುಳಿ ಸುತ್ತಿಕೊಳ್ಳುವ ಕೂದಲು.

ನಾನು ಪಾರ್ಲರ್ ಇಟ್ಟು 19 ವರ್ಷ ಆಯ್ತು. ನಾನು ಮಾಡಿದ ಬ್ಯೂಟೀಷಿಯನ್ ಕೋರ್ಸಿನಲ್ಲಿ ಈ ಕೂದಲಿನ ಬಗ್ಗೆ ಒಂದು ಪಾಠವೂ ಇರಲಿಲ್ಲ. ಇದ್ದದ್ದು ನೇರ ಕೂದಲು, ಅಲೆ ಕೂದಲು, ಅವನ್ನು ಇನ್ನೂ ನೇರ ಮಾಡುವುದು. ಕರ್ನಾಟಕದಲ್ಲೇ ಹುಟ್ಟಿ ಕನ್ನಡ ಮಾತಾಡುವ ಒಂದು ಸಮುದಾಯದ ಕೂದಲಿಗೆ ನಮ್ಮ ಪಠ್ಯದಲ್ಲಿ ಜಾಗವಿಲ್ಲ. ಇದು ನನಗೆ ತುಂಬಾ ದಿನದಿಂದ ನೋವು ಕೊಡುವ ಸಂಗತಿ. ಲಾಕ್ಸ್ ಕೆಲಸವನ್ನು ನಾನು ಕಲಿತದ್ದು ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ. ಅಲ್ಲಿ ನೈಜೀರಿಯಾದ ಒಬ್ಬ ಹೆಣ್ಣುಮಗಳ ಹತ್ತಿರ ಎರಡು ತಿಂಗಳು ಕೂತು ಕೈ ಪಳಗಿಸಿಕೊಂಡೆ. ಗೊತ್ತಿರುವುದು ಕಮ್ಮಿಯೇ. ಆದರೂ ಈ ಪ್ರಕರಣ ಕಲಿಸಿದ್ದನ್ನು ಊರಿನ ಬೇರೆ ಪಾರ್ಲರ್‌ನವರೂ ಓದಲಿ ಎಂದು ಆಸೆ.

ಅವಳು ಹೇಳಿದ್ದು

ಲಾಕ್ಸ್ ಶುರು ಮಾಡಿ ಎರಡು ವರ್ಷ ನಾಲ್ಕು ತಿಂಗಳಾಗಿತ್ತು. ಓದುವಾಗ ಬೆಂಗಳೂರಿನಲ್ಲಿ ಎರಡೆಳೆ ತಿರುವು ಹಾಕಿಸಿಕೊಂಡು ಶುರು ಮಾಡಿದ್ದಳು. ಅಂದರೆ ಕೂದಲನ್ನು ಸಣ್ಣ ಚೌಕ ಚೌಕವಾಗಿ ಬೈತಲೆ ತೆಗೆದು, ಪ್ರತಿ ಚೌಕದ ಕೂದಲನ್ನೂ ಎರಡು ಪಾಲು ಮಾಡಿ, ಹಗ್ಗ ಹೊಸೆದ ಹಾಗೆ ಹೊಸೆದು ಬಿಡುವುದು. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು.

ಕೆಲಸ ಸಿಕ್ಕಿ ದಾವಣಗೆರೆಗೆ ಬಂದ ಮೇಲೆ ಒಂದು ಪಾರ್ಲರಿಗೆ ಹೋದಳು. ಅಲ್ಲಿ 15 ದಿನಕ್ಕೊಮ್ಮೆ ಬುಡ ಬಿಗಿ ಮಾಡುತ್ತಿದ್ದರು. ಎಳೆ ನುಣುಪಾಗಿ ಕಾಣಲೆಂದು ಜೇನುಮೇಣದ ವ್ಯಾಕ್ಸ್ ಹಚ್ಚುತ್ತಿದ್ದರು. "ನೋವಾಗುತ್ತೆ ಅಂದ್ರೆ, ಬಿಗಿ ಇದ್ರೇನೇ ನಿಲ್ಲೋದು ಅಂತಿದ್ರು ಅಕ್ಕಾ. ಎರಡು ದಿನ ಮಾತ್ರೆ ತಗೊಂಡು ಮಲಗ್ತಿದ್ದೆ."

ಮನೆಯಲ್ಲಿ ಅವಳು ಮಾಡುತ್ತಿದ್ದುದನ್ನು ಒಂದೊಂದಾಗಿ ಕೇಳಿದೆ. ಈ ಪ್ರಶ್ನೆಗಳನ್ನು ಅವಸರದಲ್ಲಿ ಮುಗಿಸಬಾರದು, ಉತ್ತರ ಅರ್ಧ ಇಲ್ಲೇ ಇರುತ್ತದೆ. ತಲೆಸ್ನಾನ ತಿಂಗಳಿಗೆ ಒಂದು ಸಲ. ತೊಳೆದರೆ ಎಳೆ ಬಿಚ್ಚಿಕೊಳ್ಳುತ್ತದೆ ಎಂಬ ಹೆದರಿಕೆ. ಸೀಗೆಕಾಯಿ ಪುಡಿ ಒಳ್ಳೆಯದೆಂದು ಊರಿನಿಂದ ತಂದ ಪುಡಿಯನ್ನೇ ಕಲಸಿ ಹಚ್ಚುವುದು. ಪಿಜಿಯಲ್ಲಿ ಬರುವುದು ಬೋರ್ ನೀರು, ಸರಿಯಾಗಿ ನೊರೆಯೇ ಬರದ ಗಡಸು ನೀರು. ತಲೆ ಒಣಗಿ ತುರಿಸುತ್ತದೆಂದು ದಿನಾ ರಾತ್ರಿ ಬುಡಕ್ಕೆ ಕೊಬ್ಬರಿ ಎಣ್ಣೆ. ನೈಟ್ ಡ್ಯೂಟಿ ಇರುವ ದಿನ ಸಂಜೆ ಸ್ನಾನ ಮಾಡಿ, ಒದ್ದೆ ಎಳೆಗಳನ್ನು ಮೇಲಕ್ಕೆ ಗಂಟು ಹಾಕಿ, ಮೇಲೆ ಟೋಪಿ. ಬೆಳಿಗ್ಗೆ ತೆಗೆದಾಗಲೂ ಒಳಗೆ ಹಸಿ ಹಸಿ.

ಕೊನೆಗೆ ಬಂದದ್ದು ಬಾಗಿಲಲ್ಲಿ ನಿಂತು ಕೇಳಿದ ಆ ಪ್ರಶ್ನೆಯ ಕಾರಣ. ವಾರ್ಡಿನಲ್ಲಿ ಯಾರೋ ವಾಸನೆ ಬರುತ್ತದೆ ಎಂದಿದ್ದರು. ಮೇಲಿನವರು ಕರೆದು, ತಿಂಗಳೊಳಗೆ ಕತ್ತರಿಸಿಕೊಂಡು ಬಾ ಎಂದಿದ್ದರು. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಶಾಲೆಯ ಮಕ್ಕಳ ಮಾತಿಗೆ ಸೋತು ಕೆಮಿಕಲ್ ಹಾಕಿಸಿ ಕೂದಲು ನೇರ ಮಾಡಿಸಿಕೊಂಡು, ತಲೆಯ ಚರ್ಮ ಸುಟ್ಟುಕೊಂಡವಳು. ಈ ಲಾಕ್ಸ್ ಅವಳು ತನಗಾಗಿ ತಾನೇ ತೆಗೆದುಕೊಂಡ ಮೊದಲ ತೀರ್ಮಾನ.

ಉದುರಿದ ಎಳೆ ಹೇಳಿದ್ದು

ತಲೆ ಮುಟ್ಟುವ ಮೊದಲು ಆ ಕವರಿನ ಎಳೆಯನ್ನು ನೋಡೋಣ ಎಂದೆ. ಅವಳ ಅನುಮತಿ ಕೇಳಿ, ಬಿಳಿ ಕಾಗದದ ಮೇಲಿಟ್ಟು, ಸಣ್ಣ ಕತ್ತರಿಯಿಂದ ಉದ್ದಕ್ಕೆ ಸೀಳಿದೆ.

ನಡುವೆ ಹಳದಿ ಬಿಳುಪಿನ ಮೇಣ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಟವೆಲ್ಲಿನದೋ ದಿಂಬಿನದೋ ಬೂದು ಬಣ್ಣದ ನೂಲಿನ ಜುಂಜು ಅಂಟಿತ್ತು. ಕಂದು ಬಣ್ಣದ ಸಣ್ಣ ಸಣ್ಣ ಕಾಳು, ಬೆರಳಿಗೆ ತರಿತರಿ. ಅದು ಸೀಗೆಕಾಯಿ ಪುಡಿ. ಬಿಡಿ ಕೂದಲಾದರೆ ಪುಡಿ ನೀರಿನಲ್ಲಿ ಹರಿದು ಹೋಗುತ್ತದೆ. ಲಾಕ್ ಒಳಗೆ ಹೊಕ್ಕ ಪುಡಿಗೆ ಹೊರಗೆ ಬರಲು ದಾರಿಯೇ ಇಲ್ಲ. ಸೀಗೆಕಾಯಿ, ಕಡಲೆಹಿಟ್ಟು, ಮೆಹಂದಿ, ಯಾವ ಪುಡಿಯೂ ಲಾಕ್ಸಿಗೆ ಆಗಿಬರುವುದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಒಳ್ಳೆಯದೆಂದೇ ಇವನ್ನು ಬಳಸುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬೇಕೇ ಬೇಕು ಎಂದರೆ ಅಂಟುವಾಳ ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಬರೀ ತಿಳಿ ನೀರನ್ನು ಬಳಸಬಹುದು.

ಸೀಳಿದ ಎಳೆಯನ್ನು ಮೂಗಿನ ಹತ್ತಿರ ತಂದೆ. ಮಳೆಗಾಲದಲ್ಲಿ ಒಣಗದೆ ಮಡಚಿಟ್ಟ ಬಟ್ಟೆಯ ಮುಗ್ಗಲು ವಾಸನೆ. ಹೊರಗಿನಿಂದ ಒಣಗಿದ ಹಾಗೆ ಕಂಡರೂ ಎಳೆಯ ನಡುವಿಗೆ ಗಾಳಿ ಹೋಗಲು ಗಂಟೆಗಟ್ಟಲೆ ಬೇಕು. ಅವಳು ಆ ಹೊತ್ತನ್ನು ಅದಕ್ಕೆ ಕೊಟ್ಟೇ ಇರಲಿಲ್ಲ.

ಮುಖ್ಯವಾದದ್ದು ಬುಡದ ತುದಿಯಲ್ಲಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಬೇರು ಸಮೇತ ಕಿತ್ತ ಕೂದಲಿನ ತುದಿಗೆ ಸಣ್ಣ ಬಿಳಿ ಗುಬುಟು ಇರುತ್ತದೆ. ಇಲ್ಲಿ ಅಂಥವು ಕೆಲವೇ ಇದ್ದವು, ಮಿಕ್ಕವೆಲ್ಲ ಮುರಿದ ತುದಿಗಳು. ಜೊತೆಗೆ ಬುಡದ ಹತ್ತಿರ ಎಳೆ ಎರಡು ಕಾಲಾಗಿ ಸೀಳಿತ್ತು. ನಡುವೆ ತೂತು. ಒಂದು ಕಾಲು ಮೊದಲೇ ಹರಿದು ಹಳತಾಗಿತ್ತು. ಇನ್ನೊಂದೇ ಇಷ್ಟು ದಿನ ಭಾರ ಹೊತ್ತಿತ್ತು.

ಈ ತೂತು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕು. ಬೆಳೆದ ಬುಡವನ್ನು ಬಿಗಿ ಮಾಡಲು ಎರಡು ದಾರಿ ಇವೆ. ಒಂದು, ಬುಡವನ್ನು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯುವುದು. ಇನ್ನೊಂದು ಇಂಟರ್‌ಲಾಕಿಂಗ್: ಎಳೆಯ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ ಬುಡದ ಕೂದಲಿನ ನಡುವಿನಿಂದ ಆಚೆ ತೆಗೆಯುವುದು. ಹಾಗೆ ತೆಗೆಯುವಾಗ ದಿಕ್ಕು ಬದಲಿಸುತ್ತಾ ಹೋಗಬೇಕು. ಒಂದು ಸಲ ಬಲದಿಂದ ಎಡಕ್ಕೆ, ಆಮೇಲೆ ಮೇಲಿನಿಂದ ಕೆಳಕ್ಕೆ, ಆಮೇಲೆ ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ. ಗಡಿಯಾರದ 3, 12, 9, 6 ಎಂದು ಮನಸ್ಸಿನಲ್ಲಿಟ್ಟುಕೊಂಡರೆ ತಪ್ಪುವುದಿಲ್ಲ. ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ ಎಳೆದರೆ ಬುಡ ಎರಡು ಪಾಲಾಗಿ ನಡುವೆ ಕಿಟಕಿ ಬೀಳುತ್ತದೆ. ಇವಳಿಗೆ ಹಾಗೇ ಆಗಿತ್ತು. ಕಿಟಕಿ ಬಿದ್ದ ಬುಡ, ಮೇಣ ತುಂಬಿದ ಎಳೆ, ಅದರ ಮೇಲೆ ನೀರಿನ ಭಾರ, ಮೇಲಕ್ಕೆ ಎಳೆದು ಕಟ್ಟಿದ ಗಂಟು. ಯಾವುದಾದರೂ ಒಂದೇ ಇದ್ದಿದ್ದರೆ ಆ ಎಳೆ ಇನ್ನೂ ಒಂದು ವರ್ಷ ಇರುತ್ತಿತ್ತೇನೋ.

ಆಮೇಲೆ ದೀಪದ ಕೆಳಗೆ ತಲೆ ನೋಡಿದೆ. ಒಟ್ಟು 74 ಎಳೆ. ಅದರಲ್ಲಿ 6ಕ್ಕೆ ಬುಡದಲ್ಲಿ ಕಿಟಕಿ. ಹಿಂಗತ್ತಿನ ಹತ್ತಿರ ಎರಡು ಜೋಡಿ ಒಂದಕ್ಕೊಂದು ಕೂಡಿಕೊಂಡಿದ್ದವು. 11 ಎಳೆಗಳಲ್ಲಿ ಒತ್ತಿದರೆ ಸಿಗುವಷ್ಟು ಮೇಣ. ಎರಡೂ ಕಣತಲೆಗಳಲ್ಲಿ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು, ಎಡಗಡೆ ಜಾಸ್ತಿ. ಅಲ್ಲಿ ಬುಡದ ಸುತ್ತ ಸಣ್ಣ ಗುಳ್ಳೆಗಳು, ಮುಟ್ಟಿದರೆ ನೋವು. ನೆತ್ತಿಯಲ್ಲಿ ಜಿಡ್ಡು ಜಿಡ್ಡಾದ ಹಳದಿ ಹೊಟ್ಟು.

ಅವತ್ತು ಮಾಡಿದ್ದು, ಮಾಡದೇ ಬಿಟ್ಟದ್ದು

ಹತ್ತು ದಿನದಲ್ಲಿ ಅವಳ ಚಿಕ್ಕಮ್ಮನ ಮಗಳ ಮದುವೆ ಇತ್ತು. ಬುಡವೆಲ್ಲ ಬೆಳೆದು ಪೊದೆಯಾಗಿತ್ತು. "ಒಂದೇ ಒಂದು ಸಲ ನೀಟಾಗಿ ತಿರುವಿ ಕೊಡಿ ಅಕ್ಕಾ. ಮದುವೆ ಮುಗಿದ ಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

ಆಗೋದಿಲ್ಲ ಎಂದೆ. ಹೇಳುವುದು ಕಷ್ಟವಾಯ್ತು. ತಿರುವಿದ್ದರೆ 2,000 ರೂಪಾಯಿ ಕೆಲಸ, ಅವಳೂ ಖುಷಿಯಾಗಿ ಹೋಗುತ್ತಿದ್ದಳು. ಆದರೆ ಗುಳ್ಳೆ ಎದ್ದ ಬುಡವನ್ನು ಮತ್ತೆ ಎಳೆಯಬಾರದು. ಎಳೆತದಿಂದ ಕೂದಲು ಹೋಗುವುದನ್ನು ವೈದ್ಯರು ಟ್ರಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಶುರುವಿನಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬೇರಿನ ಜಾಗದಲ್ಲಿ ಗಾಯದ ಕಲೆ ಕಟ್ಟಿ, ಆಮೇಲೆ ಏನು ಹಚ್ಚಿದರೂ ಬರುವುದಿಲ್ಲ. ಅವಳು ಆ ಎರಡರ ನಡುವಿನ ಗೆರೆಯ ಮೇಲಿದ್ದಳು. ನಾನು ಈ ಕೆಲಸದಲ್ಲಿ ಇರುವುದೇ ಅಂಥ ಹೊತ್ತಿನಲ್ಲಿ ಬೇಡ ಎನ್ನುವುದಕ್ಕೆ ಎಂದು ನನ್ನ ನಂಬಿಕೆ.

ಮದುವೆಗೆ ಬೇರೆ ದಾರಿ ಕಂಡುಕೊಂಡೆವು. ಎಳೆಗಳನ್ನು ಕತ್ತಿನ ಹತ್ತಿರ ಸಡಿಲವಾಗಿ ಒಟ್ಟು ಮಾಡಿ, ಸುತ್ತ ಮಲ್ಲಿಗೆ ದಂಡೆ. ಪಿನ್ನು ಚುಚ್ಚುವುದು ಬೇಡ, ದಂಡೆಯ ದಾರವನ್ನೇ ಎರಡು ಎಳೆಗಳ ನಡುವೆ ತೂರಿಸಿ ಕಟ್ಟುವುದು. ಅದನ್ನು ಕನ್ನಡಿ ಮುಂದೆ ಎರಡು ಸಲ ಮಾಡಿಸಿ ಕಲಿಸಿದೆ.

ಅವತ್ತು ಮಾಡಿದ ಕೆಲಸ ಒಂದೇ, ತೊಳೆಯುವುದು. ಇಡೀ ಮಧ್ಯಾಹ್ನ ಹಿಡಿಯಿತು. ನಲ್ಲಿ ನೀರು ಬಂದ ದಿನ ತುಂಬಿಸಿಟ್ಟ ಡ್ರಮ್ಮಿನ ನೀರು ಬಳಸಿದೆ. ನಮ್ಮೂರಿನ ನಲ್ಲಿಗೆ ಬರುವುದು ಭದ್ರಾ, ತುಂಗಭದ್ರೆಯ ನೀರು. ಬೋರ್ ನೀರಿಗಿಂತ ತುಂಬಾ ಮೆದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಪಾಚಿಯ ಹಾಗೆ ಅಂಟಿಕೊಳ್ಳುತ್ತದೆ. ಬಿಡಿ ಕೂದಲಲ್ಲೇ ಅದು ಹೋಗುವುದು ಕಷ್ಟ, ಎಳೆಯೊಳಗೆ ಸೇರಿದರೆ ಕೇಳುವುದೇ ಬೇಡ. ಅದನ್ನು ಬಿಡಿಸಲು ಇಡಿಟಿಎ (ಕ್ಯಾಲ್ಸಿಯಂನಂಥವನ್ನು ಹಿಡಿದು ಬಿಡಿಸುವ ರಾಸಾಯನಿಕ) ಇರುವ, ಅಂಟಿದ ಕೊಳೆ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ತೆಗೆದುಕೊಂಡೆ. ಇಂಥ ಶಾಂಪೂ ಆಗಾಗ ಹಾಕಿದರೆ ಕೂದಲು ಒಣಗುತ್ತದೆ. ಎರಡು ಮೂರು ತಿಂಗಳಿಗೆ ಒಂದು ಸಲ ಸಾಕು.

ಒಂದು ಪಾಲು ಶಾಂಪೂಗೆ ನಾಲ್ಕು ಪಾಲು ನೀರು ಬೆರೆಸಿ, ಮೂತಿ ಇರುವ ಬಾಟಲಿಯಿಂದ ಬೈತಲೆಗಳ ಮೇಲೆ ಬಿಟ್ಟೆ. ಉಗುರು ತಾಗಿಸದೆ ಬೆರಳ ತುದಿಯಲ್ಲಿ ಬರೀ ಚರ್ಮವನ್ನು ಉಜ್ಜಿದೆ. ಎಳೆಗಳನ್ನು ಉಜ್ಜಲೇಬಾರದು. ಅವನ್ನು ಹಿಂಡಬೇಕು, ಅದೂ ಮೇಲಿನಿಂದ ಕೆಳಕ್ಕೆ, ಸ್ಪಂಜು ಹಿಂಡುವ ಹಾಗೆ. ಮೊದಲ ಸಲ ಬಂದ ನೀರು ಚಹಾದ ಬಣ್ಣ. ಎರಡನೇ ಸಲ ಬೂದು. ಮೂರನೇ ಸಲಕ್ಕೆ ತಿಳಿಯಾಯ್ತು. ತೊಳೆಯಲು ಹಿಡಿದ ಹೊತ್ತಿನ ಮೂರರಷ್ಟು ಹೊತ್ತು ಬರೀ ನೀರು ಹಾಯಿಸಿದೆ. ಶಾಂಪೂ ಒಳಗೆ ಉಳಿದರೆ ಅದೇ ನಾಳೆಯ ಕೊಳೆ.

ಅವಳು ಮೊಬೈಲಿನಲ್ಲಿ ಅಡುಗೆ ಸೋಡಾ, ವಿನಿಗರ್ ಬಕೆಟ್ಟಿನಲ್ಲಿ ಎಳೆ ಅದ್ದಿಡುವ ವೀಡಿಯೊ ತೋರಿಸಿದ್ದಳು. ನಾನು ಅದನ್ನು ಮಾಡುವುದಿಲ್ಲ. ಸೋಡಾದ ಪಿಎಚ್ (ಹುಳಿ, ಕ್ಷಾರದ ಅಳತೆ) 8ಕ್ಕಿಂತ ಮೇಲೆ, ತಲೆಯ ಚರ್ಮದ್ದು 5.5ರ ಆಸುಪಾಸು. ಕ್ಷಾರ ಜಾಸ್ತಿಯಾದರೆ ಕೂದಲಿನ ಮೇಲಿನ ಪದರ ಎದ್ದು ನಿಲ್ಲುತ್ತದೆ, ಕೂದಲು ಇನ್ನೂ ಪೆಡಸಾಗುತ್ತದೆ. ಸೋಡಾ, ವಿನಿಗರ್ ಎರಡನ್ನೂ ಒಟ್ಟಿಗೆ ಬೆರೆಸಿದರೆ ಬುರುಬುರು ನೊರೆ ಬಂದು ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಗುಳ್ಳೆ ಎದ್ದ ಚರ್ಮಕ್ಕಂತೂ ಬೇಡವೇ ಬೇಡ. ನಾನು ಒಂದು ಲೀಟರ್ ನೀರಿಗೆ ಎರಡು ಚಮಚ ವಿನಿಗರ್ ಹಾಕಿ, ಬುಡ ಬಿಟ್ಟು ಎಳೆಯ ಉದ್ದಕ್ಕೆ ಮಾತ್ರ ಹಾಯಿಸಿ ತೊಳೆದುಬಿಟ್ಟೆ.

ಮೇಣ ಹೋಗಲಿಲ್ಲ. ಹೋಗುವುದೂ ಇಲ್ಲ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿ ನೀರನ್ನು ಯಾರ ತಲೆಗೂ ಹಾಕುವ ಹಾಗಿಲ್ಲ. ಒಂದು ಎಳೆಯ ತುದಿಯನ್ನು ಮಾತ್ರ ಲೋಟದ ಬಿಸಿ ನೀರಿನಲ್ಲಿ ಅದ್ದಿ, ಟಿಶ್ಯೂ ಕಾಗದದಲ್ಲಿ ಒತ್ತಿ ನೋಡಿದೆ. ಸ್ವಲ್ಪ ಎಣ್ಣೆಯಂತೆ ಬಂತು, ನಡುವಿನದು ಅಲ್ಲೇ ಉಳಿಯಿತು. ಇದನ್ನು ಅವಳಿಗೆ ಮುಚ್ಚಿಡಲಿಲ್ಲ. ಆ 11 ಎಳೆಗಳು ಬೆಳೆಯುತ್ತಾ ಹೋದ ಹಾಗೆ ಮೇಣ ಕೆಳಗಿಳಿಯುತ್ತದೆ, ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬರಬೇಕು ಎಂದೆ.

ಕೊನೆಗೆ ಒಣಗಿಸುವುದು. ಹಳೆಯ ತೆಳು ಪಂಚೆಯಲ್ಲಿ ಸುತ್ತಿ ಹಿಂಡಿದೆ. ದಪ್ಪ ಟವೆಲ್ ಬಳಸಿದರೆ ಅದರ ಜುಂಜು ಎಳೆಗೆ ಸೇರುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಎರಡು ಗಂಟೆ, ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಒಂದು ಗಂಟೆ. ಒಣಗಿತೋ ಇಲ್ಲವೋ ನೋಡಲು ದಪ್ಪ ಎಳೆಯನ್ನು ಟಿಶ್ಯೂ ನಡುವೆ ಒತ್ತಿ ಹಿಡಿಯಬೇಕು. ಟಿಶ್ಯೂ ಒದ್ದೆಯಾದರೆ ಇನ್ನೂ ಕೂರಿಸಬೇಕು. ಕತ್ತಲಾದ ಮೇಲೆ ಅವಳು ಎದ್ದು ಹೋದಳು. 900 ರೂಪಾಯಿ ತೆಗೆದುಕೊಂಡೆ.

ಚರ್ಮದ ವೈದ್ಯರ ಹತ್ತಿರ

ಹೊಟ್ಟು, ಗುಳ್ಳೆ ಎರಡೂ ನನ್ನ ಕೆಲಸದ ಗಡಿ ದಾಟಿದ್ದವು. ಮರುದಿನವೇ ಚರ್ಮದ ವೈದ್ಯರಿಗೆ ತೋರಿಸು ಎಂದು ಕಳಿಸಿದೆ. ಅವರು ಹೇಳಿದ್ದು: ಎಳೆತದಿಂದ ಶುರುವಾದ ಕೂದಲು ನಷ್ಟ, ಜೊತೆಗೆ ಸೆಬೊರಿಕ್ ಡರ್ಮಟೈಟಿಸ್, ಅಂದರೆ ಜಿಡ್ಡು ಹೊಟ್ಟು ಏಳುವ ಚರ್ಮದ ಉರಿಯೂತ. ವಾರಕ್ಕೊಮ್ಮೆ ಶಿಲೀಂಧ್ರ ಕೊಲ್ಲುವ 2% ಕೀಟೋಕೊನಜೋಲ್ ಶಾಂಪೂ, ಐದು ನಿಮಿಷ ಬಿಟ್ಟು ತೊಳೆಯುವುದು. ಗುಳ್ಳೆಗೆ ಹಚ್ಚಲು ಔಷಧಿ. ಬುಡಕ್ಕೆ ಎಣ್ಣೆ ಪೂರ್ತಿ ಬಂದ್.

ಎಣ್ಣೆಯ ಮಾತಿಗೆ ಅವಳು ಗಾಬರಿಯಾದಳು. ಒಣ ಕೂದಲಿಗೆ ಎಣ್ಣೆ ಬೇಡವೆಂದರೆ ಹೇಗೆ? ಇದು ಈ ಬಗೆಯ ಕೂದಲಿನ ಎಲ್ಲರಿಗೂ ಬರುವ ಗೊಂದಲ. ಇಂಥ ಕೂದಲಿನ ಬೇರು ಚರ್ಮದೊಳಗೇ ಬಾಗಿರುತ್ತದೆ. ಕೂದಲು ಸುರುಳಿ ಸುರುಳಿಯಾಗಿ ಬರುವುದರಿಂದ ಚರ್ಮದ ಜಿಡ್ಡು ಅಷ್ಟೂ ತಿರುವು ದಾಟಿ ತುದಿಗೆ ಇಳಿಯುವುದಿಲ್ಲ. ಹಾಗಾಗಿ ತುದಿ ಒಣಕಲು, ಬುಡ ಜಿಡ್ಡು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ. ಅವಳು ದಿನಾ ರಾತ್ರಿ ಅದಕ್ಕೆ ಊಟ ಹಾಕುತ್ತಿದ್ದಳು. ಎಣ್ಣೆ ಬೇಕಿದ್ದರೆ ಎಳೆಯ ಕೆಳಗಿನ ಅರ್ಧಕ್ಕೆ, ನೀರು ಸಿಂಪಡಿಸಿದ ಮೇಲೆ, ಅಂಗೈಗೆ ನಾಲ್ಕು ಹನಿ ಹಾಕಿ ಸವರಿದರೆ ಸಾಕು.

ತೊಳೆದರೆ ಬಿಚ್ಚಿಕೊಳ್ಳುತ್ತದೆ ಎಂಬ ಹೆದರಿಕೆಯನ್ನೂ ತೆಗೆಯಬೇಕಿತ್ತು. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ನಮಗೆ ಬಾಚಣಿಗೆಯಲ್ಲಿ ಬರುತ್ತದೆ. ಲಾಕ್ಸ್ ಇರುವವರಿಗೆ ಅದು ಎಳೆಯೊಳಗೇ ಉಳಿದು, ಬೇರೆ ಕೂದಲಿಗೆ ಸಿಕ್ಕಿಕೊಂಡು, ಎಳೆಯನ್ನು ಗಟ್ಟಿ ಮಾಡುತ್ತದೆ. ನೀರು ಬಿದ್ದಾಗ ಸುರುಳಿಗಳು ಕುಗ್ಗಿ ಇನ್ನೂ ಹತ್ತಿರವಾಗುತ್ತವೆ. ಹೊಸ ಲಾಕ್ಸ್ ಆದರೆ ಮೊದಲ ಕೆಲವು ತಿಂಗಳು ತೊಳೆದಾಗ ಸ್ವಲ್ಪ ಬಿಚ್ಚಿಕೊಳ್ಳುವುದು ನಿಜ. ಎರಡು ವರ್ಷ ದಾಟಿದ ಎಳೆಗೆ ಆ ಭಯವಿಲ್ಲ.

ಎರಡನೇ ಸಲ, ಮೂರನೇ ಸಲ

ಏಪ್ರಿಲ್ ಮೊದಲ ವಾರ ಬಂದಳು. ಗುಳ್ಳೆ ಹೋಗಿತ್ತು. ತುರಿಕೆ ಕಮ್ಮಿ. ರಜೆಯ ದಿನ ಬೆಳಿಗ್ಗೆ ತೊಳೆದು, ಪಿಜಿಯ ತಾರಸಿ ಮೇಲೆ ನೆರಳಿನಲ್ಲಿ ಕೂತು ಒಣಗಿಸುತ್ತಿದ್ದಳಂತೆ. ದಾವಣಗೆರೆಯ ಬೇಸಿಗೆಯ ಒಣ ಗಾಳಿ ಲಾಕ್ಸಿಗೆ ಒಳ್ಳೆಯದು, ನಾಲ್ಕು ಗಂಟೆಯಲ್ಲಿ ಒಳಗೂ ಒಣಗುತ್ತದೆ.

ಅವತ್ತು ಕೂಡಿಕೊಂಡಿದ್ದ ಜೋಡಿಗಳನ್ನು ನೋಡಿದೆ. ಒಂದು ಜೋಡಿ ಬುಡದಲ್ಲಿ ಮಾತ್ರ ಸಿಕ್ಕಿಕೊಂಡಿತ್ತು. ನೀರು ಹಾಕಿ, ಒಂದೊಂದೇ ಕೂದಲು ಬಿಡಿಸಿ, ಒಂದೂವರೆ ಗಂಟೆಯಲ್ಲಿ ಬೇರೆ ಮಾಡಿದೆ. ಇನ್ನೊಂದು ಜೋಡಿ ನಾಲ್ಕು ಬೆರಳಿನಷ್ಟು ಒಂದಾಗಿಬಿಟ್ಟಿತ್ತು. ಬಿಡಿಸಬೇಕೆಂದರೆ ಕತ್ತರಿ ಬೇಕು. "ಅವು ಜೊತೆಗೇ ಇರ್ಲಿ ಬಿಡಿ ಅಕ್ಕಾ" ಎಂದಳು. ಹಾಗೇ ಬಿಟ್ಟೆ, 73 ಆಯ್ತು. ಕಣತಲೆಯ ಎಳೆಗಳ ಭಾರ ಇಳಿಸಲು ಎಡಗಡೆ 5, ಬಲಗಡೆ 4 ಎಳೆಗಳನ್ನು 10 ಸೆಂಟಿಮೀಟರ್ ಕತ್ತರಿಸಿದೆ. ಇದಕ್ಕೆ ಅವಳು ಒಪ್ಪಲು ಅರ್ಧ ಗಂಟೆ ತೆಗೆದುಕೊಂಡಳು. ನಾನೂ ಅವಸರ ಮಾಡಲಿಲ್ಲ.

ಅಂದು ನಾನೊಂದು ತಪ್ಪು ಮಾಡಿದೆ. ಕಿಟಕಿ ಬಿದ್ದ 6 ಬುಡಗಳಲ್ಲಿ ಒಂದು ತುಂಬಾ ಸಣಕಲಾಗಿತ್ತು. ಪಕ್ಕದ ಬಿಡಿ ಕೂದಲನ್ನು 0.75 ಮಿಲಿಮೀಟರ್ ಕ್ರೋಶೆ ಸೂಜಿಯಿಂದ ಒಳಗೆ ಸೇರಿಸಿ ಗಟ್ಟಿ ಮಾಡಲು ಹೋದೆ. ಸೂಜಿ ಒಳಗೆ ಹೋಗಿ ಬರುವಾಗ ಕೂದಲನ್ನು ಮುರಿಯುತ್ತದೆ. ಗಟ್ಟಿ ಬುಡಕ್ಕೆ ಅದು ಲೆಕ್ಕಕ್ಕಿಲ್ಲ, ಸಣಕಲು ಬುಡಕ್ಕೆ ದೊಡ್ಡದು. ಎರಡು ವಾರದಲ್ಲಿ ಆ ಎಳೆ ಬಿದ್ದುಹೋಯಿತು. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮಿಕ್ಕ ಐದಕ್ಕೆ ಸೂಜಿ ಮುಟ್ಟಿಸಲಿಲ್ಲ. ತೂತಿನ ಮೇಲೆ ಹೊಸ ಕೂದಲು ಬೆಳೆದ ಮೇಲೆ ಮೆಲ್ಲಗೆ ಹೊಸೆದೆ ಅಷ್ಟೆ. ಐದೂ ಉಳಿದಿವೆ.

ಮೇ ಎರಡನೇ ವಾರ, ಮೊದಲ ಭೇಟಿಯಾಗಿ ಎರಡು ತಿಂಗಳಿಗೆ, ಬುಡ ತಿರುವಿದೆ. ನೀರು, ಸ್ವಲ್ಪ ಲೋಳೆಸರದ ತಿಳಿ ಜೆಲ್, ಅಂಗೈ. ಬೇರೇನೂ ಇಲ್ಲ. ಎಲ್ಲ ಎಳೆಗಳನ್ನೂ ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೊಸೆದರೆ ಕಟ್ಟಿದ್ದು ಬಿಚ್ಚಿಕೊಳ್ಳುತ್ತದೆ. ಹೊಸೆಯುವುದಕ್ಕೆ ದಿಕ್ಕು ಒಂದೇ ಇರಬೇಕು, ಕೊಕ್ಕೆಯಲ್ಲಿ ತೆಗೆಯುವುದಕ್ಕೆ ದಿಕ್ಕು ಬದಲಾಗುತ್ತಿರಬೇಕು. ಹೊಸಬರಿಗೆ ಇವೆರಡೂ ತಲೆಯಲ್ಲಿ ಅದಲುಬದಲಾಗುತ್ತವೆ. ಕಣತಲೆಯ ಎಳೆಗಳನ್ನು ತಿರುವಲಿಲ್ಲ. ಕೆಲಸ ಮಾಡುವಾಗ ಹುಬ್ಬು ಮೇಲೆತ್ತಲು ಹೇಳುತ್ತಿದ್ದೆ. ಸಲೀಸಾಗಿ ಏಳದಿದ್ದರೆ ಬಿಗಿ ಜಾಸ್ತಿಯಾಗಿದೆ ಎಂದು ಸಡಿಲಿಸುತ್ತಿದ್ದೆ. ಮುಂದಿನ ಸಲ ಆರು ವಾರಕ್ಕಿಂತ ಮೊದಲು ಬರಬೇಡ ಎಂದೆ.

ಅವತ್ತು ಇನ್ನೊಂದು ಘಟನೆ ನಡೆಯಿತು. ಹರಪನಹಳ್ಳಿ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಇವಳ ತಲೆ ನೋಡಿದವರೇ ಎದ್ದು ನಿಂತು ಕೈ ಮುಗಿದರು. "ಯಾವ ಅಮ್ಮ ಬಂದಾಳವ್ವ ನಿನ್ನ ಮ್ಯಾಲೆ? ಉಚ್ಚಂಗೆಮ್ಮನಾ?"

ಹುಡುಗಿ ಹೆದರಿ ನನ್ನ ಕೈ ಹಿಡಿದುಕೊಂಡಳು. ನಮ್ಮ ಕಡೆ ಕೂದಲು ಗಂಟುಗಟ್ಟಿದರೆ ಜಡೆ ಬಿಟ್ಟಿದೆ, ದೇವಿ ಕರೆದಿದ್ದಾಳೆ ಎನ್ನುತ್ತಾರೆ. ತೊಳೆಯಬಾರದು, ಬಾಚಬಾರದು, ಕತ್ತರಿಸಬಾರದು. ಈ ನಂಬಿಕೆಯಿಂದಲೇ ಎಷ್ಟೋ ಹುಡುಗಿಯರನ್ನು ದೇವಿಗೆ ಬಿಟ್ಟಿದ್ದಾರೆ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆ ನಿಷೇಧಿಸಿ 1982ರಲ್ಲೇ ಕಾಯ್ದೆ ಬಂತು. ಕಾಯ್ದೆ ಬಂದರೂ ಜಡೆಯ ಭಯ ಅಷ್ಟು ಬೇಗ ಹೋಗಿಲ್ಲ.

ನಾನು ಅಜ್ಜಿಯನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ: "ಇದು ದೇವಿ ಬಿಟ್ಟಿದ್ದಲ್ಲ ಅಜ್ಜಿ. ಇವಳೇ ಇಷ್ಟಪಟ್ಟು ಬಿಟ್ಕೊಂಡಿದ್ದು. ವಾರಕ್ಕೊಮ್ಮೆ ತೊಳೀತಾಳೆ. ಬೇಡ ಅನ್ಸಿದ್ರೆ ನಾಳೆನೇ ಕತ್ತರಿಸ್ಕೊಬಹುದು, ಏನೂ ಆಗಲ್ಲ."

ಅಜ್ಜಿ ಒಂದು ಎಳೆ ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮಕ್ಕಗೂ ಬಿಟ್ಟಿತ್ತವ್ವ. ಸಾಯೋತಂಕ ನೀರು ಹಾಕ್ಲಿಲ್ಲ. ಹೇನು ಬಿದ್ದು ಅಳ್ತಿದ್ಲು" ಎಂದರು. ಹುಡುಗಿ ತಾನಾಗಿಯೇ ಅವರ ಪಕ್ಕ ಕೂತು, ಬೈತಲೆ ತೆಗೆದು, ಒಳಗಿನ ಚರ್ಮ ತೋರಿಸಿದಳು.

ಕೆಲಸದ ಜಾಗದ ವಿಷಯ

ಕತ್ತರಿಸಿಕೊಂಡು ಬಾ ಎಂದವರಿಗೆ ಉತ್ತರ ಕೊಡಬೇಕಿತ್ತು. ವಾಸನೆಯ ದೂರು ಸುಳ್ಳಲ್ಲ. ಅದನ್ನು ಮೊದಲು ಸರಿ ಮಾಡಿ, ಆಮೇಲೆ ಮಾತಾಡು ಎಂದೆ. ಏಪ್ರಿಲ್‌ನಲ್ಲಿ ಅವಳು ಚರ್ಮದ ವೈದ್ಯರ ಚೀಟಿ ತೆಗೆದುಕೊಂಡು ಹೋದಳು. ತೊಳೆಯುವ ದಿನ, ಒಣಗಿಸುವ ರೀತಿ, ಡ್ಯೂಟಿಯಲ್ಲಿ ಕಟ್ಟುವ ರೀತಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಕತ್ತಿನ ಹತ್ತಿರ ಎರಡು ಸಡಿಲ ಕಟ್ಟು, ಮೇಲೆ ಪೂರ್ತಿ ಮುಚ್ಚುವ ದೊಡ್ಡ ಟೋಪಿ. ಟೋಪಿಯೊಳಗೆ ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ನಾನೇ ಒಂದು ಅಸ್ತರಿ ಹೊಲಿದುಕೊಟ್ಟೆ, ಕೂದಲು ಉಜ್ಜದಿರಲಿ ಎಂದು. ಎರಡು ವಾರ ನೋಡಿ, ಸರಿ ಇರಲಿ ಎಂದರಂತೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕ್ರೌನ್ ಕಾಯ್ದೆ ಬಂತು. ಲಾಕ್ಸ್, ಜಡೆ, ತಿರುವು ಇರುವ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ ಅದು. ಅದನ್ನು ಅವಳಿಗೆ ಹೇಳಿದಾಗ, "ನಮ್ಮ ಕೂದಲಿಗೂ ಕಾನೂನು ಮಾಡಿದಾರಾ ಅಕ್ಕಾ?" ಎಂದು ಎರಡು ಸಲ ಕೇಳಿದಳು.

ಆರು ತಿಂಗಳಿಗೆ

ಮಳೆಗಾಲ ಸ್ವಲ್ಪ ಕಷ್ಟವಾಯ್ತು. ಜುಲೈನಲ್ಲಿ ಮೋಡ ಕವಿದ ವಾರಗಳಲ್ಲಿ ಎಳೆ ಸರಿಯಾಗಿ ಒಣಗುತ್ತಿರಲಿಲ್ಲ. ಒಂದು ಸಲ ಮತ್ತೆ ಮುಗ್ಗಲು ಶುರುವಾಯ್ತು ಎಂದು ಓಡಿ ಬಂದಳು. ಪಾರ್ಲರಿನ ಡ್ರೈಯರಿನಲ್ಲಿ ಒಣಗಿಸಿ ಕಳಿಸಿದೆ. ಆಮೇಲಿಂದ ಮಳೆಗಾಲದಲ್ಲಿ ತಲೆಸ್ನಾನವನ್ನು ಇಲ್ಲಿಗೇ ಬಂದು ಮಾಡುತ್ತಾಳೆ, ಹತ್ತು ದಿನಕ್ಕೊಮ್ಮೆ.

ಸೆಪ್ಟೆಂಬರಿನಲ್ಲಿ ಮತ್ತೆ ದೀಪದ ಕೆಳಗೆ ನೋಡಿ ಬರೆದುಕೊಂಡೆ. ಎಳೆ 72. ಹೊಟ್ಟು ಇಲ್ಲ. ಮೇಣದ 11 ಎಳೆಗಳಲ್ಲಿ 4ರ ತುದಿ ಕತ್ತರಿಸಿ ಮುಗಿದಿದೆ, 7 ಬಾಕಿ. ಬಲ ಕಣತಲೆಯಲ್ಲಿ ಅಕ್ಕಿ ಕಾಳಿನುದ್ದದ ಹೊಸ ಸುರುಳಿಗಳು ಒತ್ತಾಗಿ ಬಂದಿವೆ. ಎಡಗಡೆ ಮೇಲಂಚಿನಲ್ಲಿ ಬಂದಿವೆ, ಕಿವಿಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಖಾಲಿ. ವೈದ್ಯರು ಡಿಸೆಂಬರಿಗೆ ಮತ್ತೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ಆ ಕಡೆಯ ಎಳೆಗಳನ್ನು ನಾನೂ ತಿರುವುವುದಿಲ್ಲ, ಅವಳೂ ಕಟ್ಟುವುದಿಲ್ಲ.